ಹೆಗಲ ಸಾಮು

ಕನ್ನಡ ನುಡಿಯಲ್ಲಿ ಹೆಗಲಿಗೆ ಇರುವಷ್ಟು ಗೌರವ ಶರೀರದ ಬೇರೆ ಅವಯವಗಳಿಗೆ ದೊರೆತಿರುವುದು ಅಪರೂಪ. ಆಪತ್ತಿನಲ್ಲಿ ಒದಗುವವನು ಹೆಗಲು ಕೊಡುವನು; ಮನೆಯ ಹೊರೆ ಹಿರಿಯ ಮಗನ ಹೆಗಲಿಗೆ ಬೀಳುವುದು; ಸರಿಸಮಾನರು ಹೆಗಲೆಣೆಯಾಗಿ ನಿಲ್ಲುವರು; ಮನುಷ್ಯನ ಕಡೆಯ ಪ್ರಯಾಣಕ್ಕೂ ನಾಲ್ವರ ಹೆಗಲೇ ಬೇಕು. ನೊಗ ಹೊತ್ತ ಎತ್ತಿನಿಂದ ಮೊದಲುಗೊಂಡು ಪಲ್ಲಕ್ಕಿ ಹೊತ್ತ ಬೋಯಿಯವರೆಗೆ ಈ ನಾಡಿನ ದುಡಿಮೆಯ ಬಹುಭಾಗ ಒಂದು ಕಾಲದಲ್ಲಿ ಹೆಗಲ ಮೇಲೆಯೇ ನಡೆಯಿತಾದುದರಿಂದ ನುಡಿಯಲ್ಲಿ ಈ ಗೌರವ ನೆಲೆನಿಂತುದು ಸಹಜವೇ ಸರಿ. ಆದರೆ ದುಡಿಮೆಯಿಂದ ತಾನಾಗಿ ಬರುವ ಹೆಗಲ ಬಲ ಬೇರೆ. ಬಲಕ್ಕಾಗಿಯೇ ಹೆಗಲನ್ನು ಪಳಗಿಸುವ ವಿದ್ಯೆ ಬೇರೆ. ಈ ಎರಡನೆಯದಕ್ಕೆ ಗರಡಿಯಲ್ಲಿ ಸಾಮು ಎಂದು ಹೆಸರು. ಅದಕ್ಕೆ ಕನ್ನಡ ನಾಡಿನಲ್ಲಿ ಸುಮಾರು ೯ ಶತಮಾನಗಳಷ್ಟು ಬರೆದಿಟ್ಟ ಚರಿತ್ರೆಯುಂಟು. ಆ ಚರಿತ್ರೆಯ ಒಂದು ಅಧ್ಯಾಯವು ಕಡಲಾಚೆ ನಡೆದು, ಅಲ್ಲಿಂದ ಬೇರೆಯ ವೇಷ ತೊಟ್ಟು ಹಿಂದಿರುಗಿತೆಂಬುದು ಎಲ್ಲರಿಗೂ ತಿಳಿದ ಸಂಗತಿಯಲ್ಲ.

ಹೆಗಲೆಂದರೆ ತೋಳಿನ ಬುಡದ ಗುಂಡು ಭಾಗ ಮಾತ್ರವಲ್ಲ. ಹಿಂದಲೆಯ ಎಲುಬಿನಿಂದ ಹೊರಟು, ಕತ್ತಿನ ಹಿಂಬದಿಯನ್ನು ತಬ್ಬಿ, ಎರಡೂ ಪಕ್ಕಗಳಲ್ಲಿ ಹೆಗಲ ತುದಿಯವರೆಗೆ ಹರಡಿ, ಅಲ್ಲಿಂದ ಬೆನ್ನಿನ ನಡುವಿನವರೆಗೆ ಇಳಿದು ಮೊನೆಯಾಗುವ ಒಂದು ದೊಡ್ಡ ಮಾಂಸಖಂಡವಿದೆ. ಪಾಶ್ಚಾತ್ಯ ಶಾರೀರಶಾಸ್ತ್ರಜ್ಞರು ಅದರ ಚತುಷ್ಕೋಣಾಕಾರವನ್ನು ಕಂಡು ‘ಟ್ರಪೀಜಿಯಸ್’ ಎಂದು ಕರೆದರು. ಅದಕ್ಕೆ ಮೊದಲು, ಕ್ರೈಸ್ತ ಸಂನ್ಯಾಸಿಗಳ ನಿಲುವಂಗಿಗೆ ಸೇರಿದ ತಲೆಮುಸುಕು ಬೆನ್ನ ಮೇಲೆ ಬಿದ್ದಂತೆ ತೋರುವುದೆಂದು ‘ಕುಕುಲಾರಿಸ್’ ಎಂಬ ಹೆಸರೂ ಅದಕ್ಕಿದ್ದಿತು. ಹೆಸರು ಒಂದಾದರೂ ಅದರ ಕೆಲಸ ಮೂರು ಬಗೆ. ಮೇಲಿನ ಎಳೆಗಳು ಹೆಗಲನ್ನು ಕಿವಿಯ ಕಡೆಗೆ ಎತ್ತುವುವು. ನಡುವಿನವು ಹೆಗಲ ಹಲಗೆಗಳೆರಡನ್ನೂ ಬೆನ್ನುಮೂಳೆಯತ್ತ ಸೆಳೆಯುವುವು. ಕೆಳಗಿನವು ಅವನ್ನು ಕೆಳಕ್ಕೆ ಜಗ್ಗುವುವು. ತೋಳನ್ನು ತಲೆಯ ಮೇಲಕ್ಕೆ ಎತ್ತಬೇಕಾದರೆ ಮೇಲಿನ ಎಳೆಗಳೂ ಕೆಳಗಿನವೂ ಕೂಡಿ ದುಡಿದು ಹೆಗಲ ಹಲಗೆಯನ್ನು ಚಕ್ರದಂತೆ ತಿರುಗಿಸಬೇಕು. ಅಮೆರಿಕದ ವೈದ್ಯನಾದ ಕಾಡ್ಮನ್ ಎಂಬವನು ೧೯೩೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋಳು ಮತ್ತು ಹೆಗಲ ಹಲಗೆಗಳ ಈ ಹೊಂದಾಣಿಕೆಯನ್ನು ಲಯವೆಂದೇ ಕರೆದನು. ೧೯೪೪ರಲ್ಲಿ ಇನ್‌ಮನ್ ಮತ್ತು ಅವನ ಜೊತೆಗಾರರು ಅದನ್ನು ಅಳೆದು, ತೋಳು ಏರುವ ೧೮೦ ಡಿಗ್ರಿಗಳಲ್ಲಿ ಸುಮಾರು ೧೨೦ ತೋಳಿನ ಕೀಲಿನಿಂದಲೂ, ಉಳಿದ ೬೦ ಹೆಗಲ ಹಲಗೆಯ ತಿರುಗುವಿಕೆಯಿಂದಲೂ ಒದಗುವುವೆಂದು ತೋರಿಸಿದರು. ಗರಡಿಯ ವಸ್ತಾದರಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಆದರೆ ಮುಂದೆ ಕಾಣುವಂತೆ ಅವರ ಸಾಮು ಈ ಲೆಕ್ಕಕ್ಕೆ ಎಲ್ಲಿಯೂ ತಪ್ಪಿಲ್ಲ.

ನಮ್ಮ ಪ್ರಾಚೀನ ವೈದ್ಯರು ಈ ಭಾಗವನ್ನು ಬಲದ ದೃಷ್ಟಿಯಿಂದಲ್ಲ, ಅಪಾಯದ ದೃಷ್ಟಿಯಿಂದ ಗುರುತಿಸಿದ್ದರು. ಸುಶ್ರುತಸಂಹಿತೆಯಲ್ಲಿ ಬೆನ್ನಿನ ಮರ್ಮಗಳು ೧೪. ಅವುಗಳಲ್ಲಿ ಅಂಸಫಲಕವೆಂಬ ಜೋಡಿ ಹೆಗಲ ಹಲಗೆಯ ಎಡೆಯಲ್ಲಿಯೂ, ಅಂಸವೆಂಬ ಜೋಡಿ ಕತ್ತಿಗೂ ತೋಳಿನ ತಲೆಗೂ ನಡುವೆಯೂ ಇರುವುವು. ಅಂಸಕ್ಕೆ ಪೆಟ್ಟು ಬಿದ್ದರೆ ತೋಳು ಸೆಟೆದು ನಿಲ್ಲುವುದೆಂದು ಆ ಗ್ರಂಥದ ಮತ. ಅದೇ ಸುಶ್ರುತನು ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟು ಮಾತ್ರ ಮಾಡಬೇಕೆಂದು ವಿಧಿಸಿದನು; ಬಾಯಿ ಒಣಗುವುದು, ಹಣೆ ಮೂಗು ಕಂಕುಳುಗಳಲ್ಲಿ ಬೆವರುವುದು ಮೊದಲಾದುವನ್ನು ಅದರ ಗಡಿಯ ಗುರುತುಗಳಾಗಿ ಆಯುರ್ವೇದದಲ್ಲಿ ಹೇಳಿದೆ. ಇದು ಗೃಹಸ್ಥನಿಗೆ ಹೇಳಿದ ಮಾತು. ಮಲ್ಲನು ಈ ಗಡಿಯಲ್ಲಿ ನಿಲ್ಲುವವನಲ್ಲ. ಗೃಹಸ್ಥನ ಸಾಮು ಮುಗಿಯುವಲ್ಲಿ ಅವನ ಸಾಮು ಆರಂಭವಾಗುವುದು.

ಮಲ್ಲರ ಸಾಮನ್ನು ಕುರಿತು ಕ್ರಮವಾಗಿ ಬರೆದವರಲ್ಲಿ ಮೊದಲು ನೆನೆಯಬೇಕಾದವನು ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ. ಕ್ರಿ. ಶ. ೧೧೩೦ರ ಸುಮಾರಿನಲ್ಲಿ ಅವನು ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಅರಸನ ವಿನೋದಗಳ ನಡುವೆ ಮಲ್ಲವಿನೋದಕ್ಕೂ ಒಂದು ಪ್ರಕರಣವಿದೆ. ಮಲ್ಲರಲ್ಲಿ ಜ್ಯೇಷ್ಠಿಯೆಂದೂ ಅಂತರಜ್ಯೇಷ್ಠಿಯೆಂದೂ ಗೋವಳನೆಂದೂ ತರಗತಿಗಳು. ಅವರಿಗೆ ಅರಮನೆಯಿಂದ ಒದಗಿಸಬೇಕಾದ ಆಹಾರ. ದಿನದಿನದ ಅಭ್ಯಾಸ: ಇವೆಲ್ಲವೂ ಅಲ್ಲಿವೆ. ಅಭ್ಯಾಸಗಳಿಗೆ ಸೋಮೇಶ್ವರನು ಕೊಡುವ ಹೆಸರು ಶ್ರಮ. ಭಾರವನ್ನೆತ್ತುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ನೀರಿನಲ್ಲಿ ಈಜುವುದು ಸಲಿಲಶ್ರಮ, ಕಂಬವನ್ನು ಹತ್ತಿ ತಬ್ಬಿ ಹೊರಳುವುದು ಸ್ತಂಭಶ್ರಮ. ಸಾಮ್ರಾಜ್ಯವನ್ನಾಳುವವನು ಜಟ್ಟಿಗಳ ಊಟದ ಪಟ್ಟಿಯನ್ನು ಸಂಸ್ಕೃತ ಶ್ಲೋಕದಲ್ಲಿ ಬರೆದನೆಂಬುದು ನಗುವ ವಿಷಯವಲ್ಲ. ಈ ವಿದ್ಯೆಯ ಬಗೆಗೆ ಕಲಿತವರಲ್ಲಿ ತಾತ್ಸಾರವಿಲ್ಲದ ಕಾಲವೊಂದಿದ್ದಿತೆಂಬುದಕ್ಕೆ ಅದು ಗಟ್ಟಿಯಾದ ಸಾಕ್ಷಿ. ಅದೇ ಚಾಲುಕ್ಯ ವಂಶದ ಆಶ್ರಯದಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ರನ್ನನು ಭೀಮದುರ್ಯೋಧನರ ಗದಾಯುದ್ಧವನ್ನೇ ಕಾವ್ಯದ ಶಿಖರವಾಗಿ ಮಾಡಿದ್ದನೆಂಬುದನ್ನೂ ಇಲ್ಲಿ ಸ್ಮರಿಸಬಹುದು.

ಜ್ಯೇಷ್ಠಿಯೆಂಬ ಶಬ್ದವೇ ಕನ್ನಡದ ಜಟ್ಟಿಯೆಂದು ವಿದ್ವಾಂಸರ ಅಭಿಪ್ರಾಯ. ಗುಜರಾತಿನ ಮೊಢೇರದಲ್ಲಿ ಜ್ಯೇಷ್ಠಿಮಲ್ಲರೆಂಬ ಸಮುದಾಯವಿದ್ದು, ಅವರ ಆಚಾರವಿಚಾರಗಳನ್ನು ತಿಳಿಸುವ ಮಲ್ಲಪುರಾಣವೆಂಬ ಸಂಸ್ಕೃತ ಗ್ರಂಥವು ೧೯೬೪ರಲ್ಲಿ ಬರೋಡದಲ್ಲಿ ಅಚ್ಚಾಯಿತು. ಅದರಲ್ಲಿ ಬರುವ ಸಾಮುಗಳಲ್ಲಿ ಎರಡು ಈ ಪ್ರಬಂಧದ ವಿಷಯಕ್ಕೆ ನೇರವಾಗಿ ಸೇರಿದುವು. ಒಂದು ಗದೆಯನ್ನು ತಿರುಗಿಸುವ ಸಾಮು. ಇನ್ನೊಂದು ಗೋಣಿತಕವೆಂಬ ದೊಡ್ಡ ಕಲ್ಲುಬಳೆಯ ಸಾಮು. ಈ ಬಳೆಯನ್ನು ಕೈಯಲ್ಲಿ ಹಿಡಿದು ಬೀಸುವುದುಂಟು. ಕೊರಳಿಗೆ ಹಾಕಿಕೊಂಡು ದಂಡ ಬಸ್ಕಿಗಳನ್ನು ಮಾಡುವುದೂ ಉಂಟು. ಕೊರಳಿಗೆ ಬಿದ್ದ ಕಲ್ಲು ತನ್ನ ಭಾರವನ್ನೆಲ್ಲ ಹೆಕ್ಕತ್ತಿನ ಮೇಲೂ ಹೆಗಲಿನ ಇಳುಕಲಿನ ಮೇಲೂ ಹಾಕುವುದರಿಂದ, ಬಸ್ಕಿ ಕಾಲಿನ ಸಾಮಾದರೂ ಮೇಲ್ಬೆನ್ನು ಒಂದು ಕ್ಷಣವೂ ಬಿಡುವು ಪಡೆಯುವಂತಿಲ್ಲ.

ವಿಜಯನಗರದ ಕಾಲಕ್ಕೆ ಬಂದರೆ ಕಣ್ಣಾರೆ ಕಂಡವರ ಬರಹವೇ ದೊರೆಯುವುದು. ೧೫೨೦ರ ಸುಮಾರಿನಲ್ಲಿ ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಯಸ್‌ನು ಕೃಷ್ಣದೇವರಾಯನ ಬೆಳಗಿನ ಕ್ರಮವನ್ನು ವರ್ಣಿಸಿದ್ದಾನೆ. ಬೆಳಕು ಹರಿಯುವ ಮೊದಲೇ ರಾಯನು ಮುಕ್ಕಾಲು ಪೈಂಟಿನಷ್ಟು ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದೇ ಎಣ್ಣೆಯನ್ನು ಪೂಸಿಕೊಂಡು, ಕಚ್ಚೆಯನ್ನು ಮಾತ್ರ ಉಟ್ಟು, ಸುಟ್ಟ ಮಣ್ಣಿನಿಂದ ಮಾಡಿದ ಭಾರವಾದ ತೂಕಗಳನ್ನು ತೋಳುಗಳಲ್ಲಿ ಎತ್ತುವನು. ಬಳಿಕ ಎಣ್ಣೆಯೆಲ್ಲ ಬೆವರಾಗಿ ಹೊರಬೀಳುವವರೆಗೆ ಕತ್ತಿ ಬೀಸುವನು. ಅನಂತರ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಸೆಣಸುವನು. ಆಮೇಲೆ ಕುದುರೆಯನ್ನೇರಿ ಬಯಲಿನಲ್ಲಿ ಓಡಿಸುವನು. ಮಣ್ಣಿನ ತೂಕಗಳು ಯಾವ ಆಕಾರದಲ್ಲಿದ್ದುವೆಂದು ಪಯಸ್ ಹೇಳಲಿಲ್ಲ. ಆದರೆ ತೂಕವನ್ನೆತ್ತುವುದು, ಕತ್ತಿ ಬೀಸುವುದು, ಕುಸ್ತಿ ಹಿಡಿಯುವುದು ಎಂಬ ಈ ಅನುಕ್ರಮವು ಹೆಗಲಿನ ಮಟ್ಟಿಗೆ ಬಹು ಜಾಣತನದ್ದು: ಮೊದಲು ಭಾರದಿಂದ ಕಾವೇರಿಸಿ, ಬಳಿಕ ಸಡಿಲಗೊಳಿಸಿ, ಕಡೆಗೆ ಕೆಲಸಕ್ಕೆ ಹೂಡುವುದು. ರಾಯನ ತರುವಾಯ ಬಂದ ನೂನಿಜ್‌ನು ಮಹಾನವಮಿಯ ಕಾಲದಲ್ಲಿ ಅರಸನ ಮುಂದೆ ಸೆಣಸುತ್ತಿದ್ದ ಜಟ್ಟಿಗಳನ್ನು ಕುರಿತು ಬರೆದು, ಅವರು ಮೊನೆಗಳುಳ್ಳ ಬಳೆಗಳನ್ನು ಕೈಯಲ್ಲಿ ಹಿಡಿದು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದರೆಂದು ಹೇಳುತ್ತಾನೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ಜಂಬೂಸವಾರಿಗೆ ಮೊದಲು ನಡೆಯುತ್ತ ಬಂದಿರುವ ವಜ್ರಮುಷ್ಟಿ ಕಾಳಗವನ್ನು ಬಲ್ಲವರಿಗೆ ಈ ವಿವರದ ಗುರುತು ಥಟ್ಟನೆ ಹತ್ತುವುದು. ತಲೆ ಬೋಳಿಸಿಕೊಂಡು, ಮುಷ್ಟಿಗೆ ಮೊನೆಯ ಆಯುಧವನ್ನು ತೊಟ್ಟು ಇಳಿದ ಜಟ್ಟಿಗಳಲ್ಲಿ ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿ ಮನೆತನಗಳು ತಲೆಮಾರುಗಳಿಂದ ಈ ಸೇವೆಯನ್ನು ಸಲ್ಲಿಸಿವೆ. ಕಾಳಗ ಕೆಲವು ನಿಮಿಷಗಳದು. ಅದಕ್ಕೆ ತಕ್ಕ ಕತ್ತನ್ನೂ ಹೆಗಲನ್ನೂ ಮಾಡಿಕೊಳ್ಳುವುದು ವರ್ಷಗಳ ಕೆಲಸ.

ಆ ಕೆಲಸ ಗರಡಿಯಲ್ಲಿ ನಡೆಯುವ ಬಗೆಯನ್ನು ತುಸು ವಿವರವಾಗಿ ನೋಡಬೇಕು. ಪಟ್ಟುಗಳ ಅಭ್ಯಾಸಕ್ಕೆ ಮುಂಚೆ ಮಟ್ಟಿಯ ಕೆಮ್ಮಣ್ಣನ್ನು ಗುದ್ದಲಿಯಿಂದ ಅಗೆದು ಹದಮಾಡುವುದು ಕಿರಿಯರ ಪಾಲಿಗೆ ಬಂದ ಕರ್ತವ್ಯ. ಹೊಸದಾಗಿ ಸೇರಿದ ಹುಡುಗನಿಗೆ ಇದು ಬಿಟ್ಟಿಯ ದುಡಿಮೆಯೆಂದು ತೋರುವುದುಂಟು. ಗುದ್ದಲಿಯನ್ನು ತಲೆಯ ಮೇಲಕ್ಕೆತ್ತಿ ಇಳಿಸಿ, ಮಣ್ಣನ್ನು ತನ್ನ ಕಡೆಗೆ ಎಳೆದುಕೊಳ್ಳುವ ಈ ಕೆಲಸದಲ್ಲಿ ಮೇಲ್ಬೆನ್ನಿನ ಮೂರು ಬಗೆಯ ಎಳೆಗಳೂ ದುಡಿಯುವುವೆಂಬುದು ಅವನಿಗೆ ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ತಿಳಿಯುವುದು. ಅನಂತರ ದಂಡ. ಅಂಗೈಗಳನ್ನು ನೆಲಕ್ಕೂರಿ ಮೈಯನ್ನು ಹಾವಿನಂತೆ ಮುಂದಕ್ಕೆ ಜಾರಿಸಿ ಎತ್ತುವಾಗ ಹೆಗಲ ಹಲಗೆಗಳು ಒಮ್ಮೆ ಅಗಲವಾಗಿ, ಒಮ್ಮೆ ಕೂಡಿ, ಬೆನ್ನ ಮೇಲೆ ಜಾರಾಡುವುವು. ಗುಂಡುಕಲ್ಲನ್ನು ನೆಲದಿಂದ ತೊಡೆಗೆ, ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ ಏರಿಸುವುದು ಗರಡಿಯಲ್ಲಿ ಮಾತ್ರವಲ್ಲದೆ ಉತ್ತರ ಕರ್ನಾಟಕದ ಹಳ್ಳಿಗಳ ಜಾತ್ರೆಗಳಲ್ಲಿಯೂ ಪಂದ್ಯವಾಗಿ ನಡೆದುಬಂದಿದೆ. ಅಲ್ಲಿ ಗೆದ್ದವರು ಬಹುಮಟ್ಟಿಗೆ ಒಕ್ಕಲು ಮಕ್ಕಳು. ವಸ್ತಾದನ ಮುಖವನ್ನೇ ಕಾಣದವರೂ ಅವರಲ್ಲಿದ್ದಾರೆ.

ಇಷ್ಟೆಲ್ಲ ಇದ್ದರೂ ಹೆಗಲ ಸಾಮುಗಳ ಅರಸು ಗದೆಯೇ. ಉದ್ದನೆಯ ಹಿಡಿಯ ತುದಿಗೆ ಗುಂಡಾದ ಕಲ್ಲನ್ನು ಸೇರಿಸಿದರೆ ಗದೆಯಾಯಿತು. ಬುಡ ಸಣ್ಣದಾಗಿ ತುದಿ ದಪ್ಪನಾಗಿ ಕಡೆದ ಮರದ ಕೊರಡು ಮುದ್ಗರವಾಯಿತು. ಗದೆಯನ್ನು ಒಂದು ಕೈಯಿಂದಲೋ ಎರಡು ಕೈಯಿಂದಲೋ ತಿರುಗಿಸುವರು. ಮುದ್ಗರಗಳನ್ನು ಸಾಮಾನ್ಯವಾಗಿ ಜೋಡಿಯಾಗಿ, ಕೈಗೊಂದರಂತೆ. ಗದೆಯನ್ನು ಎದೆಯ ಮುಂದೆ ನೆಟ್ಟಗೆ ಹಿಡಿದು, ಒಂದು ಹೆಗಲಿನ ಮೇಲಿಂದ ಹಿಂದಕ್ಕೆ ಬಿಟ್ಟರೆ, ಗುಂಡು ಬೆನ್ನ ಹಿಂದೆ ಗಡಿಯಾರದ ಲೋಲಕದಂತೆ ತೂಗಿ ಇನ್ನೊಂದು ಹೆಗಲ ಕಡೆಗೆ ಹೋಗುವುದು. ಅಲ್ಲಿ ಅದನ್ನು ಸೆಳೆದು ಮೇಲಕ್ಕೆ ತಂದು ಮತ್ತೆ ಮುಂದೆ ನಿಲ್ಲಿಸಬೇಕು. ಗುಂಡು ಹಿಂದೆ ಇಳಿದಿರುವಾಗ ಮೊಳಕೈ ಆಕಾಶ ನೋಡುವುದು. ಹೆಗಲ ಹಲಗೆ ತನ್ನ ೬೦ ಡಿಗ್ರಿಗಳನ್ನೂ ತಿರುಗಿ ಮುಗಿಸಿರುವುದು. ಆ ಸ್ಥಿತಿಯಲ್ಲಿಯೇ ಭಾರದ ಜಗ್ಗು ಅತ್ಯಧಿಕ. ಮುಂದಕ್ಕೆ ಸೆಳೆಯುವಾಗ ಹಲಗೆ ಬೆನ್ನುಮೂಳೆಯ ಕಡೆಗೆ ಬಂದು ಕೆಳಗಿಳಿಯಬೇಕು; ಗದೆ ಎದುರಿಗೆ ಬಂದು ನಿಂತಾಗ ಮೇಲ್ಬೆನ್ನು ಕಂಬದಂತೆ ಗಟ್ಟಿಯಾಗಿರಬೇಕು. ಇಷ್ಟು ಕೆಲಸ ಒಂದು ಸುತ್ತಿನಲ್ಲಿ. ಇದರಲ್ಲಿ ಭಾರಕ್ಕಿಂತಲೂ ಭಾರವಿರುವ ದೂರ ಮುಖ್ಯ. ಹಿಡಿ ಉದ್ದವಾದಷ್ಟೂ ಅಷ್ಟೇ ಕಲ್ಲು ಹೆಚ್ಚು ಜಗ್ಗುವುದರಿಂದ, ಕಲ್ಲನ್ನು ಬದಲಾಯಿಸದೆ ಹಿಡಿಯನ್ನು ಮೇಲೆ ಕೆಳಗೆ ಹಿಡಿದೇ ವಸ್ತಾದನು ಶಿಷ್ಯನ ಸಾಮನ್ನು ಏರಿಸಲೂ ಇಳಿಸಲೂ ಬಲ್ಲನು. ಅವಸರದ ಶಿಷ್ಯನಿಗೆ ಗದೆಯೇ ಶಿಕ್ಷೆ ಕೊಡುವುದು. ತೋಳಿನ ಸೆಟೆತದಿಂದ ತಿರುಗಿಸ ಹೋದವನ ಗುಂಡು ಬೆನ್ನಿಗೆ ಬಡಿಯುವುದು.

ಈ ಸಾಮನ್ನು ಆಂಗ್ಲರು ತಮ್ಮ ಸೈನ್ಯದ ಮೂಲಕ ಕಂಡುಕೊಂಡರು. ೧೯ನೆಯ ಶತಮಾನದ ಮೊದಲ ಭಾಗದಲ್ಲಿ ಹಿಂದೂದೇಶದ ಸಿಪಾಯಿಗಳೂ ಪೈಲವಾನರೂ ಮುದ್ಗರ ತಿರುಗಿಸುವುದನ್ನು ನೋಡಿದ ಅಧಿಕಾರಿಗಳು ಅದನ್ನು ತಮ್ಮ ನಾಡಿನ ಕವಾಯತಿಗೆ ಒಯ್ದರು. ೧೮೩೪ರಲ್ಲಿ ಲಂಡನ್ನಿನಲ್ಲಿ ಡೊನಾಲ್ಡ್ ವಾಕರ್ ಎಂಬವನು ಪುರುಷರ ವ್ಯಾಯಾಮಗಳನ್ನು ಕುರಿತು ಪ್ರಕಟಿಸಿದ ಪುಸ್ತಕದಲ್ಲಿ ಮುದ್ಗರಕ್ಕೆ ಸ್ಥಾನ ದೊರೆಯಿತು. ಸ್ವಲ್ಪ ಕಾಲದಲ್ಲಿಯೇ ಅವನು ಸ್ತ್ರೀಯರಿಗಾಗಿ ಬರೆದ ಇನ್ನೊಂದು ಪುಸ್ತಕದಲ್ಲಿ ಅದು ಹಗುರವಾಗಿ, ಅಲಂಕಾರವಾಗಿ, ರಾಜದಂಡದ ಹೆಸರನ್ನೂ ಪಡೆಯಿತು. ಅಲ್ಲಿನ ಸ್ತ್ರೀಪುರುಷರಿಗೆ ಬೇಕಾಗಿದ್ದುದು ಎದುರಾಳಿಯನ್ನು ಕೆಡಹುವ ಹೆಗಲಲ್ಲ, ಕುರ್ಚಿಯಲ್ಲಿ ಕುಳಿತು ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಉಪಾಯ. ೧೮೬೧ರಲ್ಲಿ ಇಂಗ್ಲೆಂಡಿನಲ್ಲಿ ಹ್ಯಾರಿಸನ್ ಎಂಬ ವ್ಯಾಯಾಮಶಿಕ್ಷಕನ ಮುದ್ಗರದ ಪ್ರದರ್ಶನವನ್ನು ಕಂಡ ಅಮೆರಿಕದ ಸಿಮ್ ಕೀಹೊ ಎಂಬವನು ನ್ಯೂಯಾರ್ಕಿಗೆ ಹಿಂದಿರುಗಿ ಮುದ್ಗರಗಳನ್ನು ಕಡೆಯಿಸಿ ಮಾರುವುದಕ್ಕೆ ತೊಡಗಿ, ೧೮೬೬ರಲ್ಲಿ ಅದನ್ನು ಕುರಿತು ಚಿತ್ರಸಹಿತವಾದ ಗ್ರಂಥವನ್ನೂ ಹೊರತಂದನು. ಇದೇ ಸಮಯದಲ್ಲಿ, ೧೮೬೨ರಲ್ಲಿ, ಡಿಯೊ ಲೂಯಿಸ್ ಎಂಬ ಅಮೆರಿಕನ್ನನು ಸ್ತ್ರೀಪುರುಷರಿಗೂ ಮಕ್ಕಳಿಗೂ ಹೊಸ ವ್ಯಾಯಾಮಪದ್ಧತಿಯೊಂದನ್ನು ಬೋಧಿಸಿ, ಭಾರವಾದ ಉಪಕರಣಗಳಿಗಿಂತ ಹಗುರವಾದ ಮರದ ಉಪಕರಣಗಳೇ ಲೇಸೆಂದು ವಾದಿಸಿದ್ದನು. ಭಾರದ ಪಕ್ಷ, ಹಗುರದ ಪಕ್ಷ ಎಂಬ ಈ ಭೇದದಲ್ಲಿ ಶಾಲೆಗಳ ಮಟ್ಟಿಗೆ ಗೆದ್ದುದು ಹಗುರದ ಪಕ್ಷವೇ. ಸಾಲುಸಾಲಾಗಿ ನಿಂತ ನೂರಾರು ಮಕ್ಕಳು ವಾದ್ಯದ ತಾಳಕ್ಕೆ ಸರಿಯಾಗಿ ತಿರುಗಿಸಬೇಕಾದರೆ ಮುದ್ಗರ ಹಗುರವಾಗಿರಲೇಬೇಕು. ಅದರ ಹೆಸರು ಮಾತ್ರ ‘ಇಂಡಿಯನ್ ಕ್ಲಬ್’ ಎಂದೇ ಉಳಿಯಿತು. ಹೆಸರಿನಲ್ಲಿ ಸಾಲವನ್ನು ಒಪ್ಪಿಕೊಂಡಷ್ಟು ಮಟ್ಟಿಗೆ ಪಾಶ್ಚಾತ್ಯರು ಪ್ರಾಮಾಣಿಕರೆನ್ನಬೇಕು.

೧೯೦೪ರಲ್ಲಿ ಸೇಂಟ್ ಲೂಯಿ ನಗರದ ಒಲಿಂಪಿಕ್ ಕ್ರೀಡೆಗಳಲ್ಲಿ ಮುದ್ಗರ ತಿರುಗಿಸುವುದು ಒಂದು ಸ್ಪರ್ಧೆಯಾಗಿ, ಎಡ್ವರ್ಡ್ ಹೆನ್ನಿಗ್ ಎಂಬವನು ಅದನ್ನು ಗೆದ್ದನು. ೧೯೩೨ರಲ್ಲಿ ಲಾಸ್ ಏಂಜಲೀಸಿನಲ್ಲಿ ಅದು ಮತ್ತೊಮ್ಮೆ ನಡೆಯಿತು. ಸ್ಪರ್ಧಿಗಳು ನಾಲ್ವರೇ, ಪದಕ ಪಡೆದ ಮೂವರೂ ಅಮೆರಿಕದವರೇ. ಗೆದ್ದ ಜಾರ್ಜ್ ರಾತ್ ಎಂಬವನು ಆ ದುಷ್ಕಾಲದಲ್ಲಿ ಕೆಲಸವಿಲ್ಲದಿದ್ದವನು. ಚಿನ್ನದ ಪದಕವನ್ನು ಪಡೆದು ಕ್ರೀಡಾಂಗಣದಿಂದ ಹೊರಬಿದ್ದು, ದಾರಿಹೋಕರ ವಾಹನಗಳಿಗೆ ಕೈಯೊಡ್ಡಿ ಮನೆ ಸೇರಿದನೆಂಬ ಕಥೆ ಪ್ರಸಿದ್ಧವಾಗಿದೆ. ಆ ಎರಡೂ ಸಲ ಮುದ್ಗರದ ತೌರುಮನೆಯಿಂದ ಒಬ್ಬನೂ ಆ ಕಣದಲ್ಲಿರಲಿಲ್ಲ. ಪುರುಷರ ಆ ಸ್ಪರ್ಧೆ ಅಲ್ಲಿಗೆ ನಿಂತುಹೋಯಿತು.

ತೌರುಮನೆಯ ಸ್ಥಿತಿಯಾದರೂ ಆಗ ಹೇಗಿದ್ದಿತು? ಸರ್ಕಾರಿ ಶಾಲೆಗಳು ಹಬ್ಬಿದಂತೆ ಮುದ್ಗರವು ಡಂಬೆಲ್ಲಿನ ಜೊತೆಯಲ್ಲಿ ಕವಾಯತಿನ ಸಾಮಗ್ರಿಯಾಗಿ ಈ ದೇಶಕ್ಕೆ ಹಿಂದಿರುಗಿತು. ಹುಡುಗರು ಇಂಗ್ಲಿಷಿನ ಆಜ್ಞೆಗಳಿಗೆ ಅನುಸಾರವಾಗಿ ಹಗುರವಾದ ಕೊರಡುಗಳನ್ನು ತಿರುಗಿಸುತ್ತಿದ್ದರು. ಅದೇ ಬೀದಿಯ ಗರಡಿಯಲ್ಲಿ ಅದರ ಅಜ್ಜನಂತಹ ಮುದ್ಗರವು ಮೂಲೆಯಲ್ಲಿ ನಿಂತಿರುತ್ತಿದ್ದಿತು. ಕಲಿತವರ ಮನೆಗಳಲ್ಲಿ ಗರಡಿಯೆಂದರೆ ಪುಂಡರ ತಾಣವೆಂಬ ಭಾವನೆ ಬೇರೂರಿತು. ಸೋಲನ್ನು ಒಪ್ಪದವನನ್ನು ಹಾಸ್ಯಮಾಡಲು ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಯನ್ನು ಬಳಸುವ ಮನೆಗಳಲ್ಲಿಯೇ ಜಟ್ಟಿಯ ವಿದ್ಯೆ ಅಪರಿಚಿತವಾಯಿತು. ಈ ತಾತ್ಸಾರಕ್ಕೆ ಪರದೇಶಿಯರನ್ನು ಮಾತ್ರ ದೂರುವುದು ನ್ಯಾಯವಲ್ಲ. ಗರಡಿಯ ಮಂದಿ ತಮ್ಮ ವಿದ್ಯೆಯನ್ನು ಬರೆದಿಡಲಿಲ್ಲ, ಹೊರಗಿನವರಿಗೆ ಸುಲಭವಾಗಿ ಹೇಳಿಕೊಡಲೂ ಇಲ್ಲ. ಅರಮನೆಯ ಅನ್ನ ಇರುವವರೆಗೆ ಅದರ ಅಗತ್ಯವೂ ಅವರಿಗೆ ಕಾಣಲಿಲ್ಲ.

ಬರೆದಿಡಬೇಕೆಂಬ ಎಚ್ಚರ ಹುಟ್ಟಿದುದು ೧೯ನೆಯ ಶತಮಾನದ ಕೊನೆಯಲ್ಲಿ. ೧೮೯೬ರಲ್ಲಿ ಬೆಂಗಳೂರಿನಲ್ಲಿ ಎಸ್. ಭಾರದ್ವಾಜ ಎಂಬವರ ‘ವ್ಯಾಯಾಮ ದೀಪಿಕೆ’ ಅಚ್ಚಾಯಿತು. ಹಿಂದೂದೇಶದ ಪದ್ಧತಿಯ ಅಂಗಸಾಧನೆಗಳನ್ನು ಶಿಕ್ಷಕರಿಗೆ ತಿಳಿಸುವುದು ಅದರ ಉದ್ದೇಶ. ಅಮರಾವತಿಯಲ್ಲಿ ೧೯೧೪ರಲ್ಲಿ ಸ್ಥಾಪಿತವಾದ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ೧೯೩೬ರಲ್ಲಿ ಬರ್ಲಿನ್ನಿಗೆ ಹೋಗಿ ದೇಶೀಯ ವ್ಯಾಯಾಮಗಳನ್ನು ಪ್ರದರ್ಶಿಸಿದರು. ಅದೇ ವರ್ಷದಿಂದ ಬರೋಡದಲ್ಲಿ ಮುಜುಂದಾರರ ಸಂಪಾದಕತ್ವದಲ್ಲಿ ‘ವ್ಯಾಯಾಮ ಜ್ಞಾನಕೋಶ’ವು ಮರಾಠಿಯಲ್ಲಿ ಸಂಪುಟ ಸಂಪುಟವಾಗಿ ಹೊರಬರತೊಡಗಿತು. ಸೋಮೇಶ್ವರನ ತರುವಾಯ ಎಂಟು ನೂರು ವರ್ಷ ಕಳೆದ ಮೇಲೆ ಗರಡಿಯ ವಿದ್ಯೆಗೆ ಮತ್ತೆ ಲೇಖನಿಯ ನೆರವು ದೊರೆತಂತಾಯಿತು.

ಅಷ್ಟರೊಳಗೆ ಯುರೋಪಿನಿಂದ ಬೇರೊಂದು ಅಲೆ ಬಂದಿತು. ಪ್ರಷ್ಯಾದಲ್ಲಿ ೧೮೬೭ರಲ್ಲಿ ಹುಟ್ಟಿ ಲಂಡನ್ನಿನಲ್ಲಿ ಖ್ಯಾತನಾದ ಯೂಜೆನ್ ಸ್ಯಾಂಡೋ ಎಂಬವನು ಬಲವನ್ನು ಪ್ರದರ್ಶಿಸುವುದರ ಜೊತೆಗೆ ಮಾಂಸಖಂಡಗಳನ್ನೇ ಪ್ರದರ್ಶಿಸಿ, ಒಂದೊಂದು ಖಂಡಕ್ಕೂ ಒಂದೊಂದು ಸಾಮು ಎಂಬ ವಿಭಾಗವನ್ನು ಜನಪ್ರಿಯಗೊಳಿಸಿದನು. ೧೯೦೫ರಲ್ಲಿ ಅವನು ಹಿಂದೂದೇಶದಲ್ಲಿ ಸಂಚರಿಸಿದಾಗ ನಗರಗಳಲ್ಲಿ ಅವನನ್ನು ನೋಡಲು ಜನ ಮುಗಿಬಿದ್ದರು. ಗರಡಿಯಲ್ಲಿ ಹೆಗಲು ಇದ್ದುದು ಕುಸ್ತಿಗಾಗಿ. ವಿಲಾಯತಿಯ ಕವಾಯತಿನಲ್ಲಿ ಅದು ನೆಟ್ಟನೆಯ ನಿಲುವಿಗಾಗಿ. ಸ್ಯಾಂಡೋವಿನ ಮಾರ್ಗದಲ್ಲಿ ಹೆಗಲು ಹೆಗಲಿಗಾಗಿಯೇ, ಕನ್ನಡಿಗಾಗಿ. ಇದನ್ನು ಕೇವಲ ಪತನವೆಂದು ಎಣಿಸಬೇಕಾಗಿಲ್ಲ. ಯಾವ ಚಲನೆಯಿಂದ ಯಾವ ಖಂಡ ಬೆಳೆಯುವುದೆಂಬ ವಿವೇಚನೆ ಹುಟ್ಟಿದುದು ಈ ಮಾರ್ಗದಿಂದಲೇ. ಎರಡು ಕೈಗಳಲ್ಲಿ ತೂಕ ಹಿಡಿದು ಹೆಗಲನ್ನು ಕಿವಿಯ ಕಡೆಗೆ ಎತ್ತಿ ಇಳಿಸುವ ಸಾಮು, ಮುಂದಕ್ಕೆ ಬಾಗಿ ತೂಕವನ್ನು ಹೊಟ್ಟೆಯ ಕಡೆಗ ಸೆಳೆಯುವ ಸಾಮು ಇಂತಹವೆಲ್ಲ ಪುಸ್ತಕದಿಂದಲೇ ಕಲಿಯಲು ಸಾಧ್ಯವಾದುವಾಗಿದ್ದುವು. ಗದೆ ಹಾಗಲ್ಲ, ಅದಕ್ಕೆ ಪಕ್ಕದಲ್ಲಿ ವಸ್ತಾದನಿರಬೇಕು.

ಆದರೆ ಬಿಡಿಬಿಡಿಯಾಗಿ ಬೆಳೆದ ಖಂಡಗಳು ಕುಸ್ತಿಯ ಕಣದಲ್ಲಿ ಕೂಡಿ ದುಡಿಯುವುವೇ ಎಂಬ ಪ್ರಶ್ನೆಗೆ ಗಾಮಾ ಪೈಲವಾನನ ಚರಿತ್ರೆಯೇ ಉತ್ತರ. ೧೯೧೦ರಲ್ಲಿ ಅವನು ಲಂಡನ್ನಿಗೆ ಹೋದಾಗ ಅವನ ಎತ್ತರವನ್ನು ನೋಡಿದ ಅಲ್ಲಿನವರು ಮೊದಲು ಅವನನ್ನು ಅಷ್ಟಾಗಿ ಲೆಕ್ಕಿಸಲಿಲ್ಲ. ಸೆಪ್ಟೆಂಬರ್ ೧೦ರಂದು ಪೋಲೆಂಡಿನ ದೈತ್ಯಕಾಯನಾದ ಜಿಬಿಸ್ಕೊ ಅವನೊಡನೆ ಹೆಣಗುತ್ತ ಬಹುಹೊತ್ತು ನೆಲಕ್ಕಂಟಿಕೊಂಡೇ ಇದ್ದು ಪಂದ್ಯವನ್ನು ಸಮಮಾಡಿಕೊಂಡನು. ವಾರದ ಮೇಲೆ ಗೊತ್ತಾಗಿದ್ದ ಮರುಪಂದ್ಯಕ್ಕೆ ಅವನು ಬರಲಿಲ್ಲ. ೧೯೨೮ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಕೈಮಿಲಾಯಿಸಿದಾಗ ಒಂದು ನಿಮಿಷ ತುಂಬುವ ಮೊದಲೇ ಜಿಬಿಸ್ಕೊವಿನ ಬೆನ್ನು ಮಣ್ಣು ಮುಟ್ಟಿತು. ಗಾಮಾ ಬಸ್ಕಿ ಹೊಡೆಯುವಾಗ ಕೊರಳಿಗೆ ಧರಿಸುತ್ತಿದ್ದುದೆಂದು ಹೇಳಲಾಗುವ ೯೫ ಕಿಲೊ ತೂಕದ ಬಳೆಯೊಂದನ್ನು ಪಟಿಯಾಲದ ರಾಷ್ಟ್ರೀಯ ಕ್ರೀಡಾಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಮಲ್ಲಪುರಾಣದ ಗೋಣಿತಕ ಇದಲ್ಲದೆ ಬೇರೆಯಲ್ಲ.

ಈ ಎರಡು ಮಾರ್ಗಗಳನ್ನೂ ಒಂದೇ ಮನೆಯಲ್ಲಿ ಕೂಡಿಸಲು ಯತ್ನಿಸಿದವರು ಕನ್ನಡಿಗರೊಬ್ಬರು: ಕೆ. ವಿ. ಅಯ್ಯರ್. ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳ ಕರ್ತೃವಾಗಿ ಅವರನ್ನು ಬಲ್ಲ ವಾಚಕರಲ್ಲಿ ಅನೇಕರು ಬೆಂಗಳೂರಿನ ಅವರ ವ್ಯಾಯಾಮಶಾಲೆಯನ್ನು ಮರೆತಿರಬಹುದು. ೧೯೩೦ರಲ್ಲಿ ಮಾಂಸಖಂಡಗಳ ಸಾಧನೆಯನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕವನ್ನು ಪ್ರಕಟಿಸಿದ ಅವರು, ೧೯೩೭ರಲ್ಲಿ ಸೂರ್ಯನಮಸ್ಕಾರವನ್ನು ಕುರಿತು ಮತ್ತೊಂದನ್ನು ಬರೆದರು. ಅವರ ಶಾಲೆಯಲ್ಲಿ ಯುರೋಪಿನ ತೂಕದ ಸರಳುಗಳೂ ಇದ್ದುವು, ಹಠಯೋಗದ ಆಸನಗಳೂ ಇದ್ದುವು. ದೂರದವರಿಗೆ ಅಂಚೆಯ ಮೂಲಕವೂ ಪಾಠಗಳು ಹೋಗುತ್ತಿದ್ದುವು. ಕಬ್ಬಿಣದಿಂದ ಬೆಳೆಸಿದ ಮೇಲ್ಬೆನ್ನು ಗಡುಸಾಗಿ ತೋಳು ತಲೆಯ ಮೇಲಕ್ಕೆ ಸಲೀಸಾಗಿ ಏಳದಂತಾದರೆ ಆ ಬೆಳವಣಿಗೆ ನಿಷ್ಪ್ರಯೋಜಕ. ನಮಸ್ಕಾರದಲ್ಲಿ ಕೈಗಳು ಒಮ್ಮೆ ಆಕಾಶಕ್ಕೆ ಏರಿ, ಒಮ್ಮೆ ನೆಲಕ್ಕೆ ಊರಿ, ಹೆಗಲ ಹಲಗೆಗಳು ತಮ್ಮ ಪೂರ್ಣ ಸಂಚಾರವನ್ನು ಮಾಡುವುದರಿಂದ ತೂಕದ ಸಾಮಿನ ಕೊರತೆ ಇಲ್ಲಿ ತುಂಬಿಬರುವುದು. ಗರಡಿಯಲ್ಲಿ ದಂಡವೂ ಗದೆಯೂ ಜೊತೆಯಾಗಿ ಮಾಡುತ್ತಿದ್ದ ಕೆಲಸವನ್ನೇ ಅಯ್ಯರ್ ಅವರ ಶಾಲೆಯಲ್ಲಿ ನಮಸ್ಕಾರವೂ ಕಬ್ಬಿಣವೂ ಹಂಚಿಕೊಂಡುವು. ಗರಡಿಯ ಹೊಸ್ತಿಲನ್ನು ತುಳಿಯಲು ಹಿಂಜರಿಯುತ್ತಿದ್ದ ಕಾಲೇಜು ವಿದ್ಯಾರ್ಥಿಗಳೂ ಗುಮಾಸ್ತರೂ ಅಲ್ಲಿಗೆ ಹೋದರೆಂಬುದೇ ಆ ಪ್ರಯತ್ನದ ದೊಡ್ಡ ಗೆಲುವು. ಗದೆಗೆ ಅಲ್ಲಿ ಮುಖ್ಯಸ್ಥಾನ ದೊರೆಯದೆ ಹೋದುದು ಅದರ ಕೊರತೆಯೆನ್ನಬಹುದು.

ಒಲಿಂಪಿಕ್ ಕಣದಲ್ಲಿ ೧೯೩೨ರಲ್ಲಿ ಕಾಣೆಯಾದ ಮುದ್ಗರವು ೧೯೮೪ರಲ್ಲಿ ಅದೇ ಲಾಸ್ ಏಂಜಲೀಸಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಈ ಸಲ ಅದು ಸ್ತ್ರೀಯರ ಲಯಬದ್ಧ ವ್ಯಾಯಾಮದ ಉಪಕರಣಗಳಲ್ಲೊಂದು. ಜೋಡಿ ಹಾಗೆಯೇ ಇದೆ, ಬುಡ ಸಣ್ಣದಾಗಿ ತುದಿ ದಪ್ಪನಾದ ಆಕಾರವೂ ಹಾಗೆಯೇ ಇದೆ. ನಿಯಮದಂತೆ ಒಂದೊಂದರ ತೂಕ ೧೫೦ ಗ್ರಾಮಿಗೆ ಕಡಿಮೆಯಿರಬಾರದು. ಅದನ್ನು ಆಕಾಶಕ್ಕೆ ಎಸೆದು, ಮೈಯನ್ನು ಸುತ್ತಿಸಿ, ಬೆನ್ನ ಹಿಂದೆ ಹಿಡಿಯುವ ಹುಡುಗಿಯ ಹೆಗಲ ಹಲಗೆಗಳು ಅದೇ ೬೦ ಡಿಗ್ರಿಗಳನ್ನು ತಿರುಗಿ ಬರುವುವು.